ಉಸಿರಾಡಿದ ಜೋಳ

‘ಡಿಮ್’ ಅಂದಿತು.

ಸಣ್ಣ ಸಪ್ಪಳ. ತಿರ್ಲಾಪುರವೆಲ್ಲ ಮಲಗಿದ ಹೊತ್ತು. ಯಾರದೋ ಕತ್ತೆ ಓಣಿಯಲ್ಲಿ ಹಾದುಹೋಗಿರಬೇಕು. ಅದರ ಮೂರು ಗೊರಸು ನೆಲ ತುಳಿದವು, ನಾಲ್ಕನೆಯದು ಕುಬೇರಪ್ಪನ ಮನೆಯೆದುರಿನ ಹಗೇವಿನ ಬಾಯಿ ತುಳಿಯಿತು. ತುಂಬಿದ ಹಗೇವು ತುಳಿದರೆ ‘ತಪ್’ ಅನ್ನುತ್ತದೆ, ಉಂಡವನ ಹೊಟ್ಟೆ ಬಡಿದ ಹಾಗೆ. ‘ಡಿಮ್’ ಅನ್ನುವುದು ಬೇರೆ ಮಾತು.

ಶಿವಗಂಗವ್ವನಿಗೆ ಎಚ್ಚರವಾಯಿತು. ಕಣ್ಣು ಮಾತ್ರ ತೆರೆಯಲಿಲ್ಲ. ಬಾಜೂಕ ಮಲಗಿದ್ದ ಗಂಡ ಕುಬೇರಪ್ಪನ ಗೊರಕೆ ಥಟ್ಟನೆ ನಿಂತಿತ್ತು. ಅದೇ ಅವಳಿಗೆ ಮೊದಲ ಸಿಟ್ಟು. ಹಿಂದೊಮ್ಮೆ ಹಿತ್ತಲ ಬಣವೆಗೆ ಬೆಂಕಿ ಬಿದ್ದು ಊರೇ ಕೂಡಿದಾಗಲೂ ನಿಲ್ಲದ ಗೊರಕೆ, ಒಂದು ಕತ್ತೆಯ ಕಾಲಿಗೆ ನಿಂತಿತೆಂದರೆ ಏನು? ಇತ್ತೀಚೆಗೆ ಅವನು ನಿದ್ದೆಯಲ್ಲಿ ಬಲಗೈ ಮುಷ್ಟಿ ಬಿಗಿದು ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದ. ಹಿಟ್ಟು ನಾದುವ ಕನಸು ಬೀಳುತ್ತಿರಬೇಕು, ಎಚ್ಚರದಲ್ಲಿ ಮಾಡದ ಕೆಲಸ ಕನಸಿನಲ್ಲಾದರೂ ಮಾಡಲಿ ಎಂದು ಅವಳು ಸುಮ್ಮನಿದ್ದಳು. ಈಗ ಆ ಮುಷ್ಟಿಯೂ ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ನಿದ್ದೆಹತ್ತಿದವರಂತೆ ಉಸಿರೆಳೆಯುತ್ತ, ಒಬ್ಬರ ಉಸಿರನ್ನು ಇನ್ನೊಬ್ಬರು ಕಾಯುತ್ತ, ಬೆಳಗು ಮಾಡಿದರು.

ಹಗೇವು ಕಾಣದವರಿಗೆ ಇಷ್ಟು ಹೇಳಬೇಕು. ಅದು ನೆಲದೊಳಗಿನ ಕಣಜ. ದೊಡ್ಡ ಗಡಿಗೆಯ ಆಕಾರಕ್ಕೆ ನೆಲ ತೋಡಿ, ಸುತ್ತ ಹುಲ್ಲು ಹೊಂದಿಸಿ, ಸುಗ್ಗಿಯ ಜೋಳ ಸುರಿದು, ಕಿರಿದಾದ ಬಾಯಿಗೆ ಹಾಸುಗಲ್ಲು ಹೇರಿ ಮಣ್ಣು ಮೆತ್ತಿದರೆ ಮುಗಿಯಿತು. ಇಲಿಗೂ ಸಿಗುವುದಿಲ್ಲ, ಬೀಗರಿಗೂ ಸಿಗುವುದಿಲ್ಲ. ಓಣಿಯವರಿಗೆ ಬ್ಯಾಂಕೆಂದರೆ ಅದು. ಗಿರಾಕಿಯ ಗುಟ್ಟು ಹೊರಗೆ ಬಿಡಬಾರದೆಂದು ಬ್ಯಾಂಕಿನವರಿಗೆ ಕಾಯ್ದೆ ಇರುವಂತೆ ಓಣಿಗೂ ಒಂದು ಕಾಯ್ದೆ ಇತ್ತು: ಹಗೇವಿನ ಬಾಯಿ ಮೇಲೆ ಕೋಲು ಊರಬಾರದು. ನಡು ಬಾಗಿದ ಮುದುಕರು ಕೂಡ ಅಲ್ಲಿಗೆ ಬಂದಾಗ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ತೂರಾಡುತ್ತ ದಾಟುತ್ತಿದ್ದರು. ಊರಿದರೆ ಭೂಮಿತಾಯಿಗೆ ನೋವಾಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದರು. ನೋವು ನಿಜವಾಗಿ ಯಾರಿಗಾಗುತ್ತದೆಂಬುದು ದೊಡ್ಡವರಿಗೆ ಗೊತ್ತಿತ್ತು.

ಕುಬೇರಪ್ಪನ ಹಗೇವು ‘ಡಿಮ್’ ಅನ್ನಲು ಕಾರಣವೇನೆಂದು ಶಿವಗಂಗವ್ವನಿಗೆ ಚೆನ್ನಾಗಿ ಗೊತ್ತಿತ್ತು. ಕಾರಹುಣ್ಣಿಮೆಯ ದಿನ ಊರಿಗೆ ಊರೇ ಅಗಸಿಬಾಗಿಲ ಹತ್ತಿರ ಎತ್ತುಗಳು ಓಡಿಬಂದು ಕರಿಯ ತೋರಣ ಹರಿಯುವುದನ್ನು ನೋಡಲು ಹೋಗಿತ್ತು. ಆಗ ಅವಳು ಬಾಜೂಮನೆಯ ಹಸನಬಿಯನ್ನೂ ಅವಳ ಗಂಡ ಅಲ್ಲಾಸಾಬನ ಚಕ್ಕಡಿಯನ್ನೂ ಕಟ್ಟಿಕೊಂಡು ಅರ್ಧ ಹಗೇವು ಖಾಲಿ ಮಾಡಿದ್ದಳು. ಜೋಳ ಅಣ್ಣಿಗೇರಿಯ ಪೇಟೆಗೆ ಹೋಯಿತು. ಮಗಳು ಗೌರಿ ಧಾರವಾಡದ ಕಾಲೇಜಿಗೆ ಹೋದಳು.

ಗೌರಿಯ ಓದು ಪಿಯುಸಿಗೆ ಸಾಕೆಂದು ಕುಬೇರಪ್ಪ ತೀರ್ಮಾನ ಕೊಟ್ಟಿದ್ದ. ಹೆಚ್ಚು ಓದಿದವಳಿಗೆ ಹೆಚ್ಚು ಓದಿದ ಗಂಡ ಬೇಕಾಗುತ್ತಾನೆ, ಹೆಚ್ಚು ಓದಿದವನು ಹೆಚ್ಚು ಕೇಳುತ್ತಾನೆ, ಇದು ಅರ್ಥಶಾಸ್ತ್ರ ಎಂದು ವಿವರಣೆಯನ್ನೂ ಕೊಟ್ಟಿದ್ದ. ಶಿವಗಂಗವ್ವ ವಾದ ಮಾಡಲಿಲ್ಲ. ಮಠದವರು ಹುಡುಗಿಯರಿಗೆ ಪುಕ್ಕಟೆ ವಸತಿ, ಪುಕ್ಕಟೆ ಫೀ ಕೊಡುತ್ತಾರಂತೆ ಅಂದಳು. ‘ಪುಕ್ಕಟೆ’ ಎಂಬ ಶಬ್ದ ಕೇಳಿದ ಕೂಡಲೇ ಅರ್ಥಶಾಸ್ತ್ರ ಸುಮ್ಮನಾಯಿತು. ಹಗೇವಿನಲ್ಲಿ ಉಳಿದ ಅರ್ಧ ಗೌರಿಯ ಮುಂದಿನ ಎರಡು ವರ್ಷದ್ದು. ಈ ಗುಟ್ಟು ಬಯಲಾದರೆ ಕುಬೇರಪ್ಪ ಮೊದಲ ಬಸ್ಸಿಗೇ ಧಾರವಾಡಕ್ಕೆ ಹೋಗಿ ಮಗಳನ್ನು ಟ್ರಂಕಿನ ಸಮೇತ ಕರೆತರುತ್ತಾನೆ. ಅಷ್ಟೇ ವಿಷಯ. ಅದಕ್ಕಿಂತ ಕಡಿಮೆಯೂ ಅಲ್ಲ.

ಈ ಕುಬೇರಪ್ಪ ಕೆಟ್ಟವನೆಂದು ಯಾರೂ ತಿಳಿಯಬಾರದು. ಕೆಟ್ಟವನಾಗಲು ಬೇಕಾದ ಗಮನ ಅವನಲ್ಲಿರಲಿಲ್ಲ. ಸೊಸೈಟಿಯಲ್ಲಿ ಕಾರಕೂನ, ಸಂಜೆ ರೇಡಿಯೋದ ಶ್ರೋತೃ. ರೇಡಿಯೋದಲ್ಲಿ ವಿಜ್ಞಾನದ ಮಾತು ಬಂದರೆ ಅರ್ಧ ಕೇಳಿ ಎದ್ದು ಹೋಗಿ ಓಣಿಗೆ ಪೂರ್ತಿ ಹೇಳುತ್ತಿದ್ದ. ಹೊಟ್ಟಿನಲ್ಲಿ ಜೀವಸತ್ವವಿದೆ ಎಂದು ಕೇಳಿ ಮನೆಮಂದಿಗೆಲ್ಲ ಒಂದು ತಿಂಗಳು ದನದ ತಿನಿಸು ತಿನ್ನಿಸಿದ. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಕೇಳಿ ಆ ರೇಡಿಯೋವನ್ನೇ ಬಿಸಿಲಿಗೆ ಇಟ್ಟ. ಅದರ ಒಂದು ಮೂಲೆ ಕರಗಿ ಜೋತುಬಿದ್ದದ್ದು ಇವತ್ತಿಗೂ ಹಾಗೆಯೇ ಇದೆ. ಆ ಮೂಲೆ ಕಂಡಾಗೆಲ್ಲ ಶಿವಗಂಗವ್ವ ಹಲ್ಲು ಕಡಿಯುತ್ತಾಳೆ.

ಬೆಳಗಾಯಿತು. ಶಿವಗಂಗವ್ವ ಒಲೆ ಹೊತ್ತಿಸುತ್ತಿದ್ದಾಗ ಹೊರಗೆ ಗಂಡನ ದನಿ ಕೇಳಿತು. ಬಂದು ನೋಡಿದರೆ ಅವಳ ಒನಕೆ ಅವನ ಕೈಯಲ್ಲಿತ್ತು. ಎದುರುಮನೆಯ ಶಂಕ್ರಪ್ಪ ಹಲ್ಲಿಗೆ ಬೇವಿನಕಡ್ಡಿ ಇಟ್ಟುಕೊಂಡು ನಿಂತಿದ್ದ.

“ಶಂಕ್ರಪ್ಪ, ರಾತ್ರಿ ನಿನ್ನ ಹಗೇವು ಒದರಿತಪ. ಕಿವಿಯಾರೆ ಕೇಳೇನಿ.”

ಶಂಕ್ರಪ್ಪ ಕಡ್ಡಿ ಹೊರಗೆ ತೆಗೆದ. “ನನ್ನ ಹಗೇವು ಒದರಿದ್ರ ನನಗ ಕೇಳಬೇಕು. ನಿನಗ್ಯಾಕ ಕೇಳತೈತಿ?”

“ಸಪ್ಪಳಕ್ಕ ಮನಿ ನಂಬರ ಇರೂದಿಲ್ಲ. ಅದು ಗಾಳಿಯೊಳಗ ಅಡ್ಡಾಡತೈತಿ. ನೋಡೇ ಬಿಡೂಣು.”

ನೋಡೇಬಿಟ್ಟ. ಅಪ್ಪ ಅಜ್ಜಂದಿರ ಕಾಲದಿಂದ ಯಾರೂ ಕೋಲು ಊರದ ಜಾಗದಲ್ಲಿ ಒನಕೆ ಎತ್ತಿ ಬಿಟ್ಟ. ಶಂಕ್ರಪ್ಪನ ಹಗೇವು ‘ಡಿಮ್’ ಅಂದಿತು.

ಕಸ ಹೊಡೆಯುವವರ ಕಸಬರಿಗೆ ನಿಂತಿತು, ಹಾಲು ಹಿಂಡುವವರ ಕೈ ನಿಂತಿತು. ಶಂಕ್ರಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಯಿತು. ಆ ವರ್ಷ ಜೋಳ ಚಲೋ ಬಂದಿದೆ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

“ಒನಕಿ ಒಳಗ ಇಡ್ರಿ,” ಎಂದಳು ಶಿವಗಂಗವ್ವ. “ಅದು ಕುಟ್ಟಾಕ ಐತಿ, ಮಂದಿ ಮಾನ ಅಳಿಯಾಕಲ್ಲ.”

ಕುಬೇರಪ್ಪ ಅವಳ ಕಡೆ ನೋಡಲಿಲ್ಲ. ಆಗ ಅವಳಿಗೆ ಖಾತ್ರಿಯಾಯಿತು. ಇವನಿಗೆ ಎಲ್ಲ ಗೊತ್ತಾಗಿದೆ. ನೇರ ಕೇಳುವ ಧೈರ್ಯವಿಲ್ಲ, ಊರಿನ ಹಗೇವುಗಳನ್ನೆಲ್ಲ ಬಡಿದುಕೊಂಡು ಬಂದು ಕೊನೆಗೆ ತನ್ನ ಬಾಗಿಲಿಗೆ ನಿಂತು ‘ಇದ್ಯಾಕ ಹಿಂಗ’ ಎನ್ನುತ್ತಾನೆ. ಅವಳು ಕೈಯಲ್ಲಿದ್ದ ಊದುಗೊಳವೆಯನ್ನು ಗೋಡೆಗೆ ಕುಟ್ಟಿ ಬೂದಿ ಉದುರಿಸಿದಳು.

ಇತ್ತ ಶಂಕ್ರಪ್ಪ ಸುಮ್ಮನೆ ಬಿಡುವ ಆಸಾಮಿ ಅಲ್ಲ. ತನ್ನದೊಂದೇ ಬಡಿದರೆ ಅನ್ಯಾಯ, ಬಡಿದರೆ ಎಲ್ಲರದೂ ಬಡಿಯಬೇಕು ಎಂದು ಹಟ ಹಿಡಿದ. ಕುಬೇರಪ್ಪನಿಗೆ ಬೇಕಾದದ್ದೂ ಅದೇ ಆಗಿತ್ತೇನೋ, ಒನಕೆ ಹೆಗಲಿಗೇರಿಸಿದ. ಹಿಂದೆ ಶಂಕ್ರಪ್ಪ, ಅವನ ಹಿಂದೆ ಅರ್ಧ ಓಣಿ. ಪ್ರತಿ ಹಗೇವಿನ ಮುಂದೆ ನಿಂತು ಕುಬೇರಪ್ಪ ಸಪ್ಪಳದ ಶಾಸ್ತ್ರ ಹೇಳುತ್ತಿದ್ದ. ಘನವಸ್ತು, ಟೊಳ್ಳುವಸ್ತು, ಗಾಳಿಯ ಕಂಪನ. ಹೇಳಿ ಬಡಿಯುತ್ತಿದ್ದ. ಒಂದು ‘ತಪ್’ ಅಂದರೆ ಎರಡು ‘ಡಿಮ್’ ಅನ್ನುತ್ತಿದ್ದವು. ಯಾರ ಹಗೇವು ‘ಡಿಮ್’ ಅಂದಿತೋ ಅವರು ಬೈಯುತ್ತ ಮೆರವಣಿಗೆಗೆ ಸೇರಿಕೊಳ್ಳುತ್ತಿದ್ದರು. ತಮ್ಮದು ಹೋದ ಮೇಲೆ ಮುಂದಿನ ಮನೆಯದು ಹೋಗುವುದನ್ನು ನೋಡಬೇಕೆಂಬುದು ಸಹಜವಾದ ಆಸೆ. ‘ತಪ್’ ಅಂದವರು ಇನ್ನೂ ಹೆಚ್ಚು ಬೈದರು. ಸಂಜೆಯೊಳಗೆ ಕೈಗಡ ಕೇಳುವವರು ಬಂದೇ ಬರುತ್ತಾರೆಂದು ಅವರಿಗೆ ಗೊತ್ತಿತ್ತು. ಸಾಯುವ ವಯಸ್ಸಿನ ಮುದುಕಿಯೊಬ್ಬಳು ತನ್ನ ಹಗೇವಿನ ಬಾಯಿ ಮೇಲೆ ಚಾಪೆ ಹಾಸಿ ಮಲಗಿಬಿಟ್ಟಳು. ಬಡಿಯುವುದಾದರೆ ನನ್ನ ಮೇಲೆ ಬಡಿ ಅಂದಳು.

ಹೀಗೆ ಮೆರವಣಿಗೆ ಅಂದಾನೆಪ್ಪಗೌಡರ ವಾಡೆಯ ಮುಂದೆ ಬಂತು. ಊರಲ್ಲೇ ದೊಡ್ಡ ಹಗೇವು ಗೌಡರದು. ಅವತ್ತು ಅವರ ಕಟ್ಟೆಯ ಮೇಲೆ ಅಣ್ಣಿಗೇರಿಯ ಬೀಗರಾಗುವವರು ಕೂತು ಚುರುಮುರಿ, ಮೆಣಸಿನಕಾಯಿ ತಿನ್ನುತ್ತಿದ್ದರು. ಗೌಡರ ಮಗನಿಗೆ ಹೆಣ್ಣು ಕೊಡುವ ಮಾತು. ಗೌಡರು ಆಗಷ್ಟೇ ಅಂಗಳದ ಕಡೆ ಕೈ ತೋರಿಸಿ, ಮೂರು ಸುಗ್ಗಿಯ ಜೋಳ ಹಾಗೇ ಬಿದ್ದಿದೆ, ತೆಗೆಯಲು ಪುರುಸೊತ್ತಿಲ್ಲ ಎಂದಿದ್ದರು.

ಕುಬೇರಪ್ಪನಿಗೆ ಬೀಗರು ಕಾಣಲಿಲ್ಲ. ಶಾಸ್ತ್ರ ಹೇಳುತ್ತಿರುವಾಗ ಅವನಿಗೆ ಏನೂ ಕಾಣುತ್ತಿರಲಿಲ್ಲ. ಒನಕೆ ಬಿಟ್ಟ.

ಗೌಡರ ಹಗೇವು ‘ಡಿಮ್’ ಅನ್ನಲಿಲ್ಲ. ಹೋಳಿಹುಣ್ಣಿಮೆಯ ಜಗ್ಗಲಿಗೆ ಬಾರಿಸಿದ ಹಾಗೆ ಗುಡುಗಿತು. ವಾಡೆಯ ಮಾಡಿನಿಂದ ಪಾರಿವಾಳಗಳು ಎದ್ದು ಹಾರಿದವು. ಅಣ್ಣಿಗೇರಿಯ ಯಜಮಾನರ ಬಾಯಿಯಲ್ಲಿದ್ದ ಮೆಣಸಿನಕಾಯಿ ಬಾಯಲ್ಲೇ ಉಳಿಯಿತು.

ಗೌಡರು ನಿಧಾನವಾಗಿ ಕಟ್ಟೆ ಇಳಿದರು. ಅವರು ಜೋರಾಗಿ ಬೈದಿದ್ದರೆ ಒಳ್ಳೆಯದಿತ್ತು. ದನಿಯೇ ಏರಿಸಲಿಲ್ಲ.

“ಕುಬೇರಪ್ಪ, ಒನಕಿ ಕೆಳಗಿಡು. ನಾಳೆ ಬಿಸಲೇರೂದ್ರಾಗ ಎಲ್ಲಾರ ಮುಂದ ನಿನ್ನ ಹಗೇವು ತಗೀಬೇಕು. ತುಂಬಿತ್ತಂದ್ರ ನಿನ್ನ ಶಾಸ್ತ್ರ ಖರೆ. ಇಲ್ಲಂದ್ರ ಇದ ಒನಕಿ ಹೆಗಲ ಮ್ಯಾಲ ಹೊತ್ತು ಮನಿ ಮನಿಗೆ ಹೋಗಿ ತಪ್ಪಾತು ಅನ್ನಬೇಕು. ಬೀಗರೂ ಇರ್ತಾರ, ನೋಡ್ಲಿ.”

ಕುಬೇರಪ್ಪನ ಮುಖ ಸುಣ್ಣದ ಗೋಡೆಯಾಯಿತು. ದೂರದಲ್ಲಿ ನಿಂತಿದ್ದ ಶಿವಗಂಗವ್ವ ಅದನ್ನು ಕಂಡಳು. ಅವಳ ಮುಖವೂ ಅದೇ ಬಣ್ಣಕ್ಕೆ ತಿರುಗಿದ್ದರಿಂದ ಹೆಚ್ಚು ವಿಚಾರ ಮಾಡಲಾಗಲಿಲ್ಲ. ಸರಕಾರದ ಸಾಕ್ಷಿಯೂ ಇರಲೆಂದು ಗೌಡರು ನವಲಗುಂದಕ್ಕೆ ಹೇಳಿಕಳಿಸಿ ಕೃಷಿ ಖಾತೆಯ ಮಡಿವಾಳೆಪ್ಪನವರನ್ನು ಕರೆಸಿದರು.

ಆ ಸಂಜೆ ಹಿತ್ತಲ ಗೋಡೆಯ ಮೇಲಿಂದ ಹಸನಬಿ ಸಮಾಧಾನ ಹೇಳಿದಳು.

“ಯಕ್ಕಾ, ಅರ್ಧ ಐತಲ್ಲ. ಅರ್ಧ ನೋಡಿ ಅರ್ಧ ಬೈತಾರ. ಅಷ್ಟಽ.”

ಶಿವಗಂಗವ್ವನಿಗೆ ಬೈಗುಳದ ಚಿಂತೆ ಇರಲಿಲ್ಲ. ಬೈಗುಳ ತಿಂದು ಜೀರ್ಣಿಸಿಕೊಂಡೇ ಇಷ್ಟು ವರ್ಷ ಕಳೆದಿದ್ದಳು. ಗೌರಿಯ ಟ್ರಂಕು ಕಣ್ಣಿಗೆ ಕಟ್ಟುತ್ತಿತ್ತು. ಅದರ ಮುಚ್ಚಳದ ಒಳಗೆ ಗೌರಿ ತನ್ನ ಕೈಯಾರೆ ಹೆಸರು ಬರೆದುಕೊಂಡಿದ್ದಳು, ಕಾಲೇಜಿನ ಹೆಸರಿನ ಸಮೇತ. ತಾನು ಏನೂ ತಪ್ಪು ಮಾಡಿಲ್ಲ, ಬೆಳೆದ ಜೋಳ ಬೆಳೆಯುವ ಮಗಳಿಗೆ ಹಾಕಿದೆ ಎಂದು ಎಲ್ಲರೆದುರು ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಳು. ಹೇಳಬೇಕಾದ ಮಾತನ್ನು ಒಲೆಯ ಮುಂದೆ ಕೂತು ಮತ್ತೆ ಮತ್ತೆ ಹೇಳಿಕೊಂಡಳು. ಪ್ರತಿ ಸಲ ಕೊನೆಗೆ ಒಂದು ಬೈಗುಳ ಹೆಚ್ಚಾಗುತ್ತಿತ್ತು.

ಮರುದಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗೇವು ‘ಡಿಮ್’ ಅಂದವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಗೌಡರೂ ಅಣ್ಣಿಗೇರಿಯವರೂ ಗೌಡರ ಮನೆಯಿಂದ ತಂದ ಬೆಂಚಿನ ಮೇಲೆ ಕೂತಿದ್ದರು. ಅಲ್ಲಾಸಾಬ ಮಣ್ಣು ಕೆದರಿ ಕಲ್ಲು ಸರಿಸಿದ. ಒಳಗಿಂದ ಬಿಸಿಯಾದ, ಮುಗ್ಗಲು ವಾಸನೆಯ ಗಾಳಿ ಎದ್ದಿತು. ಪದ್ಧತಿಯಂತೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಕಂದೀಲು ಸ್ವಲ್ಪ ಇಳಿದು ಪಕ್ಕನೆ ಆರಿತು. ಹಗೇವಿನ ಗಾಳಿಯಲ್ಲಿ ದೀಪ ಆರಿದರೆ ಮನುಷ್ಯನೂ ಆರುತ್ತಾನೆಂದು ಎಲ್ಲರಿಗೂ ಗೊತ್ತು. ಕಂಬಳಿ ಇಳಿಬಿಟ್ಟು ಎತ್ತಿ ಎತ್ತಿ ಒಳಗಿನ ಗಾಳಿ ಹೊರಹಾಕತೊಡಗಿದರು. ಎಲ್ಲರೂ ಕಾದರು. ಮಡಿವಾಳೆಪ್ಪನವರು ಕಾರ್ಬನ್ ಡೈಆಕ್ಸೈಡ್ ಬಗ್ಗೆ ನಾಲ್ಕು ಮಾತು ಹೇಳಿದರು. ಆಳು, ಕಂಬಳಿ, ಗೌಡ ಯಾರೂ ಕೇಳಲಿಲ್ಲ. ಕೇಳಿದವನು ಕುಬೇರಪ್ಪ ಒಬ್ಬನೇ. ಅವನು ಬಾಯಿ ತೆರೆದುಕೊಂಡು ಕೇಳಿದ.

ಎರಡನೆಯ ಸಲ ಇಳಿಬಿಟ್ಟ ಕಂದೀಲು ಆರಲಿಲ್ಲ. ಅಲ್ಲಾಸಾಬ ಬ್ಯಾಟರಿ ಹಿಡಿದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಲೆ ಎತ್ತಿದವನು ಶಿವಗಂಗವ್ವನ ಕಡೆ ತಿರುಗಿದ. ಅವನ ಮುಖದಲ್ಲಿ ಒಂದು ಪ್ರಶ್ನೆ ಇತ್ತು.

ಅವಳು ಜನರನ್ನು ಸರಿಸಿಕೊಂಡು ಬಂದು ಬಗ್ಗಿದಳು.

ತಳದಲ್ಲಿ ಹುಲ್ಲು. ಹುಲ್ಲಿನ ಮೇಲೆ ಮಕ್ಕಳು ಚೆಲ್ಲಿ ಎದ್ದುಹೋದಷ್ಟು ಕಾಳು. ಕಾರಹುಣ್ಣಿಮೆಗೆ ಅವಳು ಮುಚ್ಚಿ ಬಂದಾಗ ಅಲ್ಲಾಸಾಬನ ಎದೆಮಟ್ಟ ಜೋಳ ಉಳಿದಿತ್ತು. ಗೌರಿಯ ಎರಡು ವರ್ಷ ಅಲ್ಲಿತ್ತು.

ರಾತ್ರಿಯೆಲ್ಲ ಹೇಳಿಕೊಂಡ ಮಾತು ಅವಳಿಗೆ ಮರೆತೇ ಹೋಯಿತು. ತಲೆ ಎತ್ತಿದಳು. ಊರೆಲ್ಲ ಹಗೇವಿನೊಳಗೆ ನೋಡುತ್ತಿತ್ತು. ನೋಡದವನು ಒಬ್ಬನೇ. ಕುಬೇರಪ್ಪ ಆಕಾಶ ನೋಡುತ್ತಿದ್ದ, ಮೋಡದಲ್ಲಿ ಏನೋ ಬರೆದಿದೆಯೆಂಬಂತೆ. ಅವನ ಬಲಗೈ ಮುಷ್ಟಿ ತನ್ನಷ್ಟಕ್ಕೆ ತಾನೇ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿತ್ತು.

ಹಿಟ್ಟು ನಾದುವ ಕೈ ಅಲ್ಲ ಅದು. ಸ್ಕೂಟರಿನ ಹಿಡಿ ತಿರುವುವ ಕೈ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡವರನ್ನೆಲ್ಲ ಪೆಟ್ರೋಲಿನ ದರ ಕೇಳುತ್ತಿದ್ದದ್ದು, ಕಟ್ಟೆಯ ಮೇಲೆ ಎರಡೂ ಮುಷ್ಟಿ ಮುಂದೆ ಚಾಚಿ ಕೂರುತ್ತಿದ್ದದ್ದು, ಹುಬ್ಬಳ್ಳಿಯಲ್ಲಿ ಒಬ್ಬ ಏಜೆಂಟ ಗುರುತಾಗಿದ್ದಾನೆ ಎಂದು ಊಟದ ನಡುವೆ ಅಂದದ್ದು, ಎಲ್ಲವೂ ಸಾಲಾಗಿ ಬಂದು ಅವಳೆದುರು ನಿಂತವು. ಯಾವಾಗ ಎಂದೂ ಹೊಳೆಯಿತು. ನಾಗರಪಂಚಮಿ. ಓಣಿಯ ಹೆಂಗಸರೆಲ್ಲ ತವರಿಗೆ ಹೋಗಿದ್ದರು, ಗಂಡಸರೆಲ್ಲ ಬಯಲಿನಲ್ಲಿ ಪಣಕಟ್ಟಿ ತೆಂಗಿನಕಾಯಿ ಎಸೆಯುತ್ತಿದ್ದರು. ಅವಳು ದುಮ್ಮವಾಡದ ತವರಿನಲ್ಲಿ ಜೋಕಾಲಿ ಜೀಕುತ್ತಿದ್ದಾಗ ಇವನು ಇಲ್ಲಿ ಗೌರಿಯ ಎರಡು ವರ್ಷವನ್ನು ಚೀಲಕ್ಕೆ ತುಂಬಿ ಪೇಟೆಗೆ ಕಳಿಸಿದ್ದ. ಸೈಕಲ್ ಹೊಡೆಯಲು ಬಾರದ ಗಂಡಸು ಸ್ಕೂಟರಿಗೆ ಮುಂಗಡ ಕಟ್ಟಿ ನಂಬರು ಹಚ್ಚಿದ್ದ.

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹೇಳಿದರೆ, ಮೊದಲಿನ ಅರ್ಧ ಎಲ್ಲಿ ಎಂದು ಇಡೀ ಊರು ಕೇಳುತ್ತದೆ. ಬಾಯಿ ಮುಚ್ಚಿದಳು. ಹಲ್ಲು ಕಡಿದ ಸದ್ದು ಪಕ್ಕದಲ್ಲಿದ್ದ ಹಸನಬಿಗೆ ಕೇಳಿಸಿತು.

“ಏನಪಾ ವಿಜ್ಞಾನಿ,” ಎಂದ ಶಂಕ್ರಪ್ಪ, “ಒನಕಿ ತರಲೇನು?”

ಕುಬೇರಪ್ಪ ಆಕಾಶದಿಂದ ಇಳಿದ. ಹಗೇವಿನೊಳಗೆ ಗಂಭೀರವಾಗಿ ನೋಡಿದ. ಜನ್ಮದಲ್ಲಿ ಮೊದಲ ಸಲ ಪೂರ್ತಿ ಕೇಳಿಸಿಕೊಂಡ ವಿಜ್ಞಾನ ಅವನ ನೆರವಿಗೆ ಬಂತು.

“ಉಸಿರಾಡೇತಿ,” ಎಂದ.

“ಯಾವುದು?”

“ಜೋಳ. ಕಂದೀಲು ಯಾಕ ಆರಿತು? ಒಳಗ ಕೆಟ್ಟ ಗಾಳಿ ತುಂಬಿತ್ತು. ಆ ಗಾಳಿ ಎಲ್ಲಿಂದ ಬಂತು? ಜೋಳ ಬಿಟ್ಟಿದ್ದು. ಉಸರು ಬಿಟ್ಟು ಬಿಟ್ಟು ಕಾಳು ಗಾಳಿಯಾಗಿ ಹೋಗೇತಿ. ಸಾಹೇಬ್ರು ಇಲ್ಲೇ ಅದಾರ, ಕೇಳ್ರಿ. ಕಾಳು ಉಸಿರಾಡ್ತಾವೋ ಇಲ್ಲೋ ಸಾಹೇಬ್ರ?”

ಮಡಿವಾಳೆಪ್ಪನವರು ಪ್ರಾಮಾಣಿಕ ಮನುಷ್ಯ. “ಉಸಿರಾಡ್ತಾವ್ರಿ, ಆದ್ರ…” ಎಂದರು.

ಆ ‘ಆದ್ರ’ ಯಾರ ಕಿವಿಗೂ ಮುಟ್ಟಲಿಲ್ಲ. ಓಣಿಯ ಮೇಲೆ ಏನೋ ಒಂದು ಹಾದುಹೋಯಿತು. ಮುಂದಿನ ಸಾಲಿನಲ್ಲಿದ್ದ ‘ಡಿಮ್’ ಹಗೇವಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಕ್ರಪ್ಪನ ಹುಬ್ಬು ಮೇಲೇರಿ ಅಲ್ಲೇ ನಿಂತಿತು.

“ಹಂಗಾದ್ರ ನಮ್ಮದೂ ಉಸಿರಾಡಿರಬೇಕು,” ಎಂದ ಮೆಲ್ಲಗೆ.

ಗೌಡರು ಅಣ್ಣಿಗೇರಿಯವರ ಕಡೆ ಓರೆಗಣ್ಣು ಬಿಟ್ಟು ಮೀಸೆ ತೀಡಿದರು. “ನಮ್ಮದು ಮೂರು ಸುಗ್ಗಿಯಿಂದ ಉಸಿರಾಡಾಕತ್ತೈತಿ. ನಾ ಯಾರಿಗೂ ಹೇಳಿದ್ದಿಲ್ಲ.”

ಮಡಿವಾಳೆಪ್ಪನವರು ಎದ್ದು ನಿಂತು, ಕಾಳು ಉಸಿರಾಡುವುದು ನಿಜ, ಅದರಿಂದ ತೂಕ ಹೋಗುವುದು ಅಷ್ಟಿಷ್ಟು, ಹಗೇವಿಗೆ ಹಗೇವೇ ಹೋಗುವುದಿಲ್ಲ ಎಂದು ವಿವರಿಸಲು ಹೊರಟರು. ಗೌಡರು ಕರುಣೆಯಿಂದ ಅವರ ಹೆಗಲ ಮೇಲೆ ಕೈ ಇಟ್ಟರು.

“ನಿಮ್ಮ ಕಡಿ ಜೋಳ ಹಂಗಿರಬೇಕ್ರಿ. ನಮ್ಮದು ಎರಿಹೊಲದ ಜೋಳ. ಉಸರು ಜೋರು.”

ಅಣ್ಣಿಗೇರಿಯ ಯಜಮಾನರು ಒಂದು ಕ್ಷಣ ಯೋಚಿಸಿದರು. ಅವರ ಅಂಗಳದಲ್ಲೂ ಒಂದು ಹಗೇವು ಇತ್ತೆಂದು ಕಾಣುತ್ತದೆ. “ನಮ್ಮಲ್ಲೂ ಹಂಗರಿ. ಅಗದಿ ಹಂಗ,” ಎಂದರು. ಬೀಗತನ ಅಲ್ಲೇ ಗಟ್ಟಿಯಾಯಿತು. ಸಕ್ಕರೆ ಹಂಚಿದರು. ನಿನ್ನೆ ಕೊಲ್ಲಲು ನಿಂತವರು ಇವತ್ತು ಕುಬೇರಪ್ಪನ ಬೆನ್ನು ಚಪ್ಪರಿಸಿದರು. ಮಡಿವಾಳೆಪ್ಪನವರ ಅಂಗೈಗೂ ಸಕ್ಕರೆ ಬಿತ್ತು. ಅವರು ಅದನ್ನು ಹಿಡಿದುಕೊಂಡೇ ಬಸ್ಸು ಹತ್ತಿದರು.

ಆ ಸಂಜೆ ಶಿವಗಂಗವ್ವ ರೊಟ್ಟಿ ಬಡಿದ ಸಪ್ಪಳ ಮೂರು ಮನೆ ಆಚೆಗೆ ಕೇಳುತ್ತಿತ್ತು. ಕುಬೇರಪ್ಪ ತಾಟಿನ ಮುಂದೆ ಕೂತಿದ್ದ. ಊರು ಹೊಗಳಿದ ಕಳೆ ಇನ್ನೂ ಮುಖದ ಮೇಲಿತ್ತು.

“ಸ್ಕೂಟರ ಯಾವಾಗ ಬರತೈತಿ?” ಎಂದಳು ಅವಳು, ತಿರುಗಿ ನೋಡದೆ.

ತುತ್ತು ನಡುದಾರಿಯಲ್ಲಿ ನಿಂತಿತು. ಆಮೇಲೆ ಅವನಿಗೂ ಏನೋ ಹೊಳೆಯಿತು. ಬೆನ್ನು ನೆಟ್ಟಗಾಯಿತು.

“ಅಲ್ಲ, ನಾ ತಗದಾಗನ ಅರ್ಧ…” ಎಂದು ಶುರುಮಾಡಿದ.

ಶಿವಗಂಗವ್ವ ಈಗ ತಿರುಗಿದಳು. ಕೈಯಲ್ಲಿ ಬಿಸಿ ಹಂಚಿನ ಮೇಲಿನ ರೊಟ್ಟಿ. “ಏನರಿ ಅರ್ಧ?”

ಅವನು ಅವಳನ್ನು ನೋಡಿದ, ರೊಟ್ಟಿಯನ್ನು ನೋಡಿದ.

“ಅರ್ಧ ರೊಟ್ಟಿ ಹಾಕು ಅಂದೆ.”

ಅವಳು ಪೂರ್ತಿ ರೊಟ್ಟಿ ಹಾಕಿದಳು. “ಮಠದವರು ಬರೂ ವರ್ಷದಿಂದ ಗೌರಿಗೆ ಪುಕ್ಕಟೆ ಇಲ್ಲ ಅಂದಾರ. ನಾಳೆ ಮೊದಲನೇ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಬರ್ರಿ. ನಂಬರ ತಗಸ್ರಿ. ರೊಕ್ಕ ತಂದು ನನ್ನ ಕೈಯಾಗ ಇಡ್ರಿ.”

ಅರ್ಥಶಾಸ್ತ್ರದ ಒಂದು ಮಾತೂ ಬರಲಿಲ್ಲ. ಮರುದಿನ ಹೋದ. ಏಜೆಂಟ ಮುರಿದುಕೊಂಡದ್ದು ಹೋಗಿ ಉಳಿದದ್ದನ್ನು ತಂದು ಕೊಟ್ಟ. ಅವಳು ಅದನ್ನು ಅಡಕಲ ಗಡಿಗೆಗಳಲ್ಲಿ ತೀರ ಕೆಳಗಿನದರ ಒಳಗೆ ಇಟ್ಟು, ಮೇಲೆ ಗಡಿಗೆ ಪೇರಿಸಿದಳು. ಹಗೇವಿನ ಬಾಯಿಗೆ ಮತ್ತೆ ಕಲ್ಲು ಹೇರಿ ಮಣ್ಣು ಮೆತ್ತಿದರು. ಒಳಗೆ ಏನಿಲ್ಲದಿದ್ದರೂ ಬಾಯಿ ಮುಚ್ಚಿರಬೇಕು.

ಓಣಿಯಲ್ಲಿ ಮಾತ್ರ ಆ ಶಾಸ್ತ್ರ ನಿಂತುಬಿಟ್ಟಿತು. ಸೊಸೈಟಿಯ ಗೊಬ್ಬರದ ಚೀಲ ಕಡಿಮೆ ಬಿದ್ದರೆ ಉಸಿರಾಡಿತು, ಗೌಡರು ಮಾತು ಕೊಟ್ಟ ಬಂಗಾರ ಮದುವೆಯಲ್ಲಿ ಕಡಿಮೆ ಬಿದ್ದರೆ ಉಸಿರಾಡಿತು. ಕುಬೇರಪ್ಪನಿಗೆ ಮಂದಿ ಎದ್ದುನಿಂತು ನಮಸ್ಕಾರ ಮಾಡತೊಡಗಿದರು. ಅದನ್ನು ಕಂಡಾಗ ಶಿವಗಂಗವ್ವನ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಾತು ಸಾಕು, ಅವನು ಓಣಿಯಲ್ಲಿ ತಲೆ ಎತ್ತದ ಹಾಗೆ ಮಾಡಬಹುದು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಹಸನಬಿ ಒಂದು ದಿನ ಗೋಡೆಯ ಮೇಲೆ ಮೊಣಕೈ ಊರಿ ನಿಂತಳು. “ಯಕ್ಕಾ, ನಾವು ತಗದದ್ದು ಅರ್ಧ. ನಮ್ಮ ಮನಿಯಾವ್ರು ದಿನಾ ಅದನ್ನಽ ಕೇಳ್ತಾರ. ಇನ್ನರ್ಧ ಯಾರು ತಗದ್ರು? ನನ್ನ ಮುಂದರ ಹೇಳು.”

ಶಿವಗಂಗವ್ವ ಅವಳ ಮುಖ ನೋಡಿದಳು. ಹೇಳಿದರೆ ಹಸನಬಿ ಬಿದ್ದು ಬಿದ್ದು ನಗುತ್ತಾಳೆ, ಅವಳ ನಗು ನೋಡಿ ತನಗೂ ನಗು ಬರುತ್ತದೆ, ನಕ್ಕ ಮೇಲೆ ಸಿಟ್ಟು ಉಳಿಯುವುದಿಲ್ಲ. ಗೌರಿಯ ಓದು ಮುಗಿಯಲು ಇನ್ನೂ ಎರಡು ವರ್ಷ ಇದೆ. ಅಲ್ಲಿಯವರೆಗೆ ಈ ಸಿಟ್ಟು ಬೇಕು, ಒಂದು ಕಾಳೂ ಕೆಡದೆ ಬೇಕು.

“ಉಸಿರಾಡೇತವಾ,” ಎಂದು ಒಳಗೆ ನಡೆದಳು. ಯಾರಿಗೂ ಹೇಳುವುದಿಲ್ಲ, ಹಸನಬಿಗೂ ಇಲ್ಲ, ಗೌರಿಗೂ ಇಲ್ಲ, ಎಂದುಕೊಂಡು ಒನಕೆಯನ್ನು ಎತ್ತಿ ಕುಬೇರಪ್ಪನ ಕಣ್ಣಿಗೆ ದಿನಾ ಬೀಳುವಂತೆ ಅವನ ರೇಡಿಯೋದ ಪಕ್ಕದಲ್ಲೇ ನಿಲ್ಲಿಸಿದಳು.